ಭಾವನ ಕೈಗುಣ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರಿಗೆ ಆಗ ಸಾಲಾಗಿ ಏಳು ಮಳಿಗೆಗಳಿದ್ದವು. ಅವುಗಳಲ್ಲಿ ಮೂರನೆಯದರ ಮುಂದೆ ಹೋಗುವಾಗ ಇವತ್ತಿಗೂ ನಾನು ಆ ಕಡೆ ನೋಡುವುದಿಲ್ಲ. ನೋಡಿದರೆ ಮೈ ಉರಿಯುತ್ತದೆ. ಈಗ ಅಲ್ಲಿ ಯಾರೋ ಚಪ್ಪಲಿ ಮಾರುತ್ತಾರೆ. ಪಾಪ, ಅವರು ನನಗೇನೂ ಮಾಡಿಲ್ಲ. ಆದರೂ ಆ ಅಂಗಡಿಯಲ್ಲಿ ನಾನು ಒಂದು ಜೊತೆ ಚಪ್ಪಲಿ ಕೊಂಡವಳಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ಯಾರದು ಇಳಿಯುತ್ತದೋ ನನಗೆ ಗೊತ್ತಿಲ್ಲ. ನನ್ನದು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ಇಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ಸೊರಬದ ಹತ್ತಿರದ ಹಳ್ಳಿಯಿಂದ ಶಿಕಾರಿಪುರಕ್ಕೆ ಮದುವೆಯಾಗಿ ಬಂದು ನನಗೆ ಏಳೆಂಟು ವರ್ಷವಾಗಿತ್ತು. ಗಂಡ ಮಾರ್ಕೆಟ್ ಯಾರ್ಡಿನ ಒಂದು ಮಂಡಿಯಲ್ಲಿ ಗುಮಾಸ್ತ. ಗಂಡನ ಅಣ್ಣ, ಅಂದರೆ ನನ್ನ ಭಾವ, ಅದೇ ಯಾರ್ಡಿನಲ್ಲಿ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದರು. ಒಂದೇ ಮನೆ, ಒಂದೇ ಒಲೆ. ಮಾವ ತೀರಿಕೊಂಡ ಮೇಲೆ ಯಜಮಾನಿಕೆ ಹೆಸರಿಗೆ ಅತ್ತೆಯದು, ನಡೆಯುತ್ತಿದ್ದುದು ಭಾವನದು. ನಾನು ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಮಷೀನು ಇಟ್ಟುಕೊಂಡು ಕೇರಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದೆ.

ಭಾವನ ಕೈಗುಣ ಒಳ್ಳೆಯದು ಎನ್ನುವುದು ನಮ್ಮ ಕೇರಿಯಲ್ಲಿ ಯಾರೂ ಪ್ರಶ್ನಿಸದ ಮಾತಾಗಿತ್ತು. ಬಿತ್ತನೆಯ ದಿನ ಕೂರಿಗೆಗೆ ಮೊದಲ ಹಿಡಿ ಬೀಜ ಅವರಿಂದ ಹಾಕಿಸುತ್ತಿದ್ದರು. ಹೊಸ ಅಂಗಡಿ ತೆರೆದವರು ಬೋಣಿಗೆ ಅವರನ್ನು ಕರೆಯುತ್ತಿದ್ದರು. ಮನೆ ಕಟ್ಟುವವರು ಪಾಯದ ಮೊದಲ ಕಲ್ಲನ್ನು ಅವರ ಕೈಗೆ ಕೊಡುತ್ತಿದ್ದರು. ಬಿತ್ತಿದ್ದು ಹುಟ್ಟದಿದ್ದರೆ ಮಳೆಯ ತಪ್ಪು, ಅಂಗಡಿ ಮುಚ್ಚಿದರೆ ಅಂಗಡಿಯವನ ತಪ್ಪು. ಹುಟ್ಟಿದ್ದು, ನಡೆದದ್ದು ಮಾತ್ರ ಭಾವನ ಲೆಕ್ಕಕ್ಕೆ ಸೇರುತ್ತಿತ್ತು. ಆಗ ನನಗೂ ಇದು ಹೊಳೆದಿರಲಿಲ್ಲ, ನಾನೂ ಅವರ ಕೈಗುಣವನ್ನು ನಂಬಿದ್ದೆ.

ನನ್ನ ತಲೆಗೆ ಹೊಕ್ಕಿದ್ದು ಶಾವಿಗೆ ಮಷೀನು. ಬೇಸಿಗೆ ಬಂತೆಂದರೆ ನಮ್ಮ ಕಡೆ ಪ್ರತಿ ಮನೆಯಲ್ಲೂ ವರ್ಷಕ್ಕಾಗುವಷ್ಟು ಗೋಧಿ ಶಾವಿಗೆ ಮಾಡಿಸಿಡಬೇಕು. ಬೀಗರು ಬಂದರೆ ಶಾವಿಗೆ, ಬಾಣಂತಿಗೆ ಶಾವಿಗೆ, ಹಬ್ಬಕ್ಕೆ ಶಾವಿಗೆ. ನಮ್ಮ ಕೇರಿಯ ಹೆಂಗಸರು ರವೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋಗುತ್ತಿದ್ದರು. ಇಡೀ ದಿನ ಅಲ್ಲಿ ಕಾದು, ಅರ್ಧ ಒಣಗಿದ ಶಾವಿಗೆಯನ್ನು ಸೀರೆಯಲ್ಲಿ ಕಟ್ಟಿಕೊಂಡು ಬರುವಷ್ಟರಲ್ಲಿ ಬಸ್ಸಿನ ನೂಕುನುಗ್ಗಲಿಗೆ ಅದು ಪುಡಿಯಾಗಿರುತ್ತಿತ್ತು. ಬಸ್ಸಿಳಿದು ಕಂಡಕ್ಟರಿಗೆ ಶಾಪ ಹಾಕುತ್ತ ಮನೆಗೆ ನಡೆಯುವುದು ಪ್ರತಿ ವರ್ಷದ ಕಥೆಯಾಗಿತ್ತು.

ಶಿರಾಳಕೊಪ್ಪದ ಆ ಮಷೀನು ಇದ್ದದ್ದು ಒಂದು ಸಾಬರ ಮನೆಯ ಹಿತ್ತಲಿನಲ್ಲಿ. ಗಂಡ ಊರೂರಿಗೆ ಹೋಗಿ ಗಿರಣಿ, ಮೋಟಾರು ರಿಪೇರಿ ಮಾಡುವ ಮೇಸ್ತ್ರಿ. ಹೆಂಡತಿ ಮಷೀನು ನಡೆಸುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಎರಡು ಬೇಸಿಗೆ ನಾನು ಅಲ್ಲಿಗೆ ಹೋಗಿ ಶಾವಿಗೆಗಿಂತ ಹೆಚ್ಚಾಗಿ ಅವಳ ಕೆಲಸವನ್ನೇ ನೋಡುತ್ತ ಕೂತಿದ್ದೆ. ಅವಳಿಗೆ ಅನುಮಾನ ಬಂದು ಕೇಳಿಯೇ ಬಿಟ್ಟಳು. ನಾನು ಸುಳ್ಳು ಹೇಳಲಿಲ್ಲ, ಶಿಕಾರಿಪುರದಲ್ಲಿ ನಾನೂ ಒಂದು ಮಷೀನು ಇಡಬೇಕೆಂದಿದ್ದೇನೆ ಎಂದೆ. ಗಿರಾಕಿ ಕಡಿಮೆಯಾಗುತ್ತದೆಂದು ಅವಳು ಮುಖ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

"ಮಷೀನೇನು, ದುಡ್ಡಿದ್ರೆ ದಾವಣಗೆರೆಯಿಂದ ಯಾರ್ ಬೇಕಾದ್ರೂ ತರ್ತಾರೆ," ಎಂದಳು. "ನೀನು ಮೊದ್ಲು ಬಿಸ್ಲು ನೋಡ್ಕೊ, ನೀರು ನೋಡ್ಕೊ, ಬಾಗ್ಲು ನೋಡ್ಕೊ."

"ಬಾಗ್ಲು ಯಾಕಕ್ಕ?"

"ಇಲ್ಲಿ ಕೂತೋರ್ನ ನೋಡು. ಯಾರಾದ್ರೂ ತಲಿ ಮ್ಯಾಲೆ ಸೆರಗು ಹಾಕ್ಯಾರಾ?"

ನೋಡಿದೆ. ಒಬ್ಬರೂ ಹಾಕಿರಲಿಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ತೋಳಿನವರೆಗೂ ಹಿಟ್ಟು ಮಾಡಿಕೊಂಡು, ಪರಾತದ ಮುಂದೆ ಕಾಲು ಚಾಚಿ ಕೂತು ನಾದುತ್ತಿದ್ದರು. ಶಾವಿಗೆಯ ಹಿಟ್ಟನ್ನು ಯಾವ ಹೆಂಗಸೂ ಇನ್ನೊಬ್ಬಳ ಕೈಗೆ ಕೊಡುವುದಿಲ್ಲ. ನೀರು ಎಷ್ಟು, ಉಪ್ಪು ಎಷ್ಟು ಎಂಬುದು ಅವರವರ ತಾಯಿಯಿಂದ ಬಂದದ್ದು. ಅದಕ್ಕೇ ಮಷೀನಿನ ಹತ್ತಿರವೇ ಕೂತು ನಾದಬೇಕು, ಎಳೆಗಳು ಬಿದ್ದಂತೆ ಕೋಲಿನ ಮೇಲೆ ಹಿಡಿದು ಬಿಸಿಲಿಗೆ ಹಾಕಬೇಕು, ಒಣಗುವ ತನಕ ಕಾಯಬೇಕು. ಆ ಅರ್ಧ ದಿನ ಅವರಿಗೆ ಅತ್ತೆಯ ಕಣ್ಣಿಲ್ಲ, ಗಂಡನ ಕೂಗಿಲ್ಲ. ಅವರು ಶಾವಿಗೆಗೆ ಎಷ್ಟು ಬರುತ್ತಿದ್ದರೋ ಮುಚ್ಚಿದ ಬಾಗಿಲಿಗೂ ಅಷ್ಟೇ ಬರುತ್ತಿದ್ದರು.

ನಮ್ಮ ಮನೆಯ ಹಿಂದಿನ ಸಂದಿಯಲ್ಲಿ ಒಬ್ಬ ಅಜ್ಜಿಯ ಹಳೆಯ ಕಣ ಖಾಲಿ ಬಿದ್ದಿತ್ತು. ಸುತ್ತ ಗೋಡೆ, ಒಂದು ಮೂಲೆಯಲ್ಲಿ ಸೇದುವ ಬಾವಿ, ಮಷೀನು ಇಡಲು ಒಂದು ಹಂಚಿನ ಕೋಣೆ, ಒಳಗಿನಿಂದ ಅಗುಳಿ ಹಾಕುವ ಮರದ ಬಾಗಿಲು. ಬಾಡಿಗೆ ತೀರಾ ಕಡಿಮೆ. ಅಡ್ವಾನ್ಸ್ ಎಂಬ ಮಾತನ್ನೇ ಅಜ್ಜಿ ಎತ್ತಲಿಲ್ಲ, ವರ್ಷಕ್ಕೆ ಅವಳಿಗೆ ಬೇಕಾದ ಶಾವಿಗೆ ಮಾಡಿಕೊಟ್ಟರೆ ಸಾಕೆಂದಳು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ನಾನು ಬರೆದುಕೊಂಡೆ. ಮೊದಲು ಒಳ್ಳೆಯ ಮಷೀನು, ಅದಕ್ಕೆ ಎಳೆ ಬೀಳುವ ಹಿತ್ತಾಳೆಯ ಜಾಲರಿ, ಯಾಕೆಂದರೆ ಕಬ್ಬಿಣದ್ದರಲ್ಲಿ ಎಳೆ ಕಪ್ಪಾಗುತ್ತದೆ. ಆಮೇಲೆ ಅಂಗಳಕ್ಕೆ ಸಿಮೆಂಟು. ಆಮೇಲೆ ಕೋಲುಗಳು. ಬೋರ್ಡು ಎಂದು ಬರೆದು ಹೊಡೆದುಹಾಕಿದೆ. ಹೆಂಗಸರಿಗೆ ಬೋರ್ಡು ಬೇಕಿಲ್ಲ, ಒಬ್ಬಳಿಗೆ ಗೊತ್ತಾದರೆ ಸಂಜೆಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ದುಡ್ಡಿನಲ್ಲಿ ಅರ್ಧ ನನ್ನ ರವಿಕೆಗಳದ್ದು, ಆರು ವರ್ಷ ಕೂಡಿಟ್ಟದ್ದು. ಉಳಿದರ್ಧ ನನ್ನ ಅವ್ವನದು. ಅಪ್ಪ ಹೋದ ಮೇಲೆ ಸೊರಬದಲ್ಲಿ ಅವ್ವ ಒಬ್ಬಳೇ ಒಂದು ಎಮ್ಮೆ ಕಟ್ಟಿಕೊಂಡು ಬೆಣ್ಣೆ ಮಾರಿ ಬದುಕುತ್ತಿದ್ದಳು. ನನ್ನ ಯೋಚನೆ ಹೇಳಿದಾಗ ಎರಡು ವಾರ ಏನೂ ಅನ್ನಲಿಲ್ಲ. ಮೂರನೇ ವಾರ ಬಸ್ಸಿನಲ್ಲಿ ಬಂದು, ಎಲೆಅಡಿಕೆಯ ಸಂಚಿಯಿಂದ ನೋಟಿನ ಕಟ್ಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಎಮ್ಮೆಯನ್ನು ಮಾರಿದ್ದಳು. ಕರು ಹಾಕಿ ಮೂರು ತಿಂಗಳಾಗಿದ್ದ, ಹಾಲು ಕರೆಯುತ್ತಿದ್ದ ಎಮ್ಮೆ.

"ಯಾರ ಕೈಗೂ ಕೊಡ್ಬೇಡ ಮಗಾ," ಎಂದಳು. "ನೀನೇ ಎಣಿಸು, ನೀನೇ ಖರ್ಚು ಮಾಡು. ತಪ್ಪಾದ್ರೂ ನಿನ್ನ ಕೈಯಾಗೇ ಆಗ್ಲಿ."

ಆ ಮಾತನ್ನು ನಾನು ಹತ್ತು ದಿನವೂ ಉಳಿಸಿಕೊಳ್ಳಲಿಲ್ಲ. ಅತ್ತೆಗೆ ವಿಷಯ ಹೇಳಿದೆ. ಅವರು ಬೇಡವೆನ್ನಲಿಲ್ಲ, ಸಂತೋಷವನ್ನೇ ಪಟ್ಟರು. ಒಂದೇ ಒಂದು ಮಾತು ಹೇಳಿದರು. "ಮೊದ್ಲ ಖರ್ಚು ನಿಮ್ಮ ಭಾವನ ಕೈಯಿಂದ ಆಗ್ಲವ್ವ. ಅವ್ನ ಕೈ ಹತ್ತಿದ್ದು ಹಾಳಾಗಿದ್ದಿಲ್ಲ."

ಇದರಲ್ಲಿ ನನಗೆ ತಪ್ಪು ಕಾಣಲಿಲ್ಲ. ನನ್ನ ತವರಿನಲ್ಲೂ ಈ ಪದ್ಧತಿ ಇತ್ತು. ಹೊಸದಾಗಿ ಏನಾದರೂ ಶುರು ಮಾಡುವವರು ದುಡ್ಡನ್ನು ತಟ್ಟೆಯಲ್ಲಿ ಇಟ್ಟು, ಎಲೆಅಡಿಕೆ ಇಟ್ಟು, ಕೈಗುಣವಿರುವ ಹಿರಿಯರ ಮುಂದೆ ಹಿಡಿಯುತ್ತಾರೆ. ಹಿರಿಯರು ಅದರಿಂದ ಹತ್ತು ರೂಪಾಯಿ ತೆಗೆದುಕೊಂಡು ಪೇಟೆಗೆ ಹೋಗಿ ಒಂದು ಸೇರು ಉಪ್ಪು, ಒಂದು ಪೊಟ್ಟಣ ಅರಿಶಿನ ತರುತ್ತಾರೆ. ಅದೇ ಮೊದಲ ಖರ್ಚು. ತಟ್ಟೆ ಹಾಗೆಯೇ ಕೊಟ್ಟವರ ಕೈಗೆ ವಾಪಸು ಬರುತ್ತದೆ. ಸೊರಬದಲ್ಲಿ ನಾನು ನೋಡಿದ್ದು ಇಷ್ಟೇ. ಇಪ್ಪತ್ತೈದು ಮೈಲಿ ಆಚೆ, ಶಿಕಾರಿಪುರದ ಈ ಮನೆಯಲ್ಲಿ, ಮೊದಲ ಖರ್ಚು ಎಂದರೆ ಏನೆಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಕೇಳದೆ ಹೋದೆನಲ್ಲ ಎಂದು ನನ್ನ ಮೇಲೆ ಬರುವ ಸಿಟ್ಟು ಭಾವನ ಮೇಲಿನದಕ್ಕಿಂತ ಒಂದು ತೂಕ ಹೆಚ್ಚೇ.

ಸೋಮವಾರ ಬೆಳಿಗ್ಗೆ ದೇವರ ಜಗಲಿಗೆ ಹೂ ಏರಿಸಿ ತಟ್ಟೆಯನ್ನು ಭಾವನ ಮುಂದೆ ಇಟ್ಟು ಕಾಲಿಗೆ ಬಿದ್ದೆ. ಅವರು ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಒಂದು ಕ್ಷಣ ಕೂತರು. ಆಮೇಲೆ ತಟ್ಟೆಯ ಮೇಲಿನ ಅಷ್ಟೂ ನೋಟನ್ನು ಎತ್ತಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಹೋದರು. ಉಪ್ಪು ತರಲು ಇಷ್ಟೆಲ್ಲ ಯಾಕೆ ಎಂದು ನಾನು ಖಾಲಿ ತಟ್ಟೆಯನ್ನು ನೋಡುತ್ತ ನಿಂತೆ. ಗಂಡನ ಕಡೆ ತಿರುಗಿದರೆ ಅವರು ಚಪ್ಪಲಿ ಹುಡುಕುತ್ತಿದ್ದರು.

ಸಂಜೆ ಭಾವ ಬಂದರು. ಅವರ ಕೈಯಲ್ಲಿ ಉಪ್ಪೂ ಇಲ್ಲ, ಅರಿಶಿನವೂ ಇಲ್ಲ. ಒಂದು ಬೀಗದ ಕೈ ಇತ್ತು. ಅದನ್ನು ದೇವರ ಮುಂದಿಟ್ಟು ಅತ್ತೆಗೆ ಹೇಳಿದರು, ಬಸ್ ಸ್ಟ್ಯಾಂಡ್ ಎದುರಿನ ಮಳಿಗೆ ಸಿಕ್ಕಿತು, ಎಷ್ಟು ಜನ ಕಾಯುತ್ತಿದ್ದರೆಂದರೆ ಹೇಳಲಾಗದು, ಅಡ್ವಾನ್ಸ್ ಕೊಟ್ಟಾಯಿತು, ಮಳಿಗೆಯವನು ತಮ್ಮ ಮುಖ ನೋಡಿ ಕೊಟ್ಟ ಎಂದು. ಅತ್ತೆಯ ಕಣ್ಣಲ್ಲಿ ನೀರೇ ಬಂತು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಭಾವನ ಎದುರಿಗೆ ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಬಾಗಿಲ ಹಿಂದಿನಿಂದಲೇ ಕೇಳಿದೆ.

"ಭಾವ, ನಾನು ಹಿಂದಿನ ಅಜ್ಜಿ ಕಣ ನೋಡಿದ್ದೆ."

"ಗೊತ್ತೈತವ್ವ, ತಮ್ಮ ಹೇಳಿದ. ಆ ಸಂದಿಯಾಗ ಯಾರು ಬರ್ತಾರ? ವ್ಯಾಪಾರ ಅಂದ್ರ ನಾಕು ಮಂದಿ ಕಣ್ಣಿಗೆ ಬೀಳೋ ಜಾಗ ಬೇಕು. ಮೇನ್ ರೋಡು."

"ಹೆಂಗಸ್ರು ಅಲ್ಲಿ ಕೂರ್ತಾರಾ?"

"ಯಾಕ ಕೂರಂಗಿಲ್ಲ? ಕುರ್ಚಿ ಹಾಕೋಣ."

ಕುರ್ಚಿ ಹಾಕೋಣವಂತೆ. ಪರಾತದ ಮುಂದೆ ಕುರ್ಚಿಯಲ್ಲಿ ಕೂತು ಹಿಟ್ಟು ನಾದುವುದು ಹೇಗೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಶಾವಿಗೆ ಉಂಡಿದ್ದರು, ಒಂದು ಸಲವೂ ಅದು ಆಗುವುದನ್ನು ನೋಡಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿದ್ದವಳು ಎರಡು ಮಾರು ದೂರದಲ್ಲಿ ಬಾಗಿಲ ಹಿಂದೆ ನಿಂತಿರುವಾಗ ಒಂದು ಮಾತು ಕೇಳದೆ ಹೋದದ್ದು ತಪ್ಪು. ಆ ರಾತ್ರಿ ಗಂಡನನ್ನು ಕೇಳಿದೆ, ನಿಮಗೆ ಮೊದಲೇ ಗೊತ್ತಿತ್ತಾ ಎಂದು. "ಅಣ್ಣ ಏನೋ ಒಳ್ಳೇದಕ್ಕೇ ಮಾಡ್ತಾನ ಬಿಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಒಂದು ಖರ್ಚು ಆದ ಮೇಲೆ ಉಳಿದದ್ದು ನನ್ನ ಕೈಗೆ ಬರುತ್ತದೆ ಎಂದುಕೊಂಡಿದ್ದೆ. ಮೇನ್ ರೋಡಿನ ಮಳಿಗೆ ಎಂದ ಮೇಲೆ ಅದಕ್ಕೆ ತಕ್ಕಂತೆ ಗಾಜಿನ ಕೌಂಟರ್ ಬೇಕಾಯಿತು. ಕೌಂಟರ್ ಬಂದ ಮೇಲೆ ಅದರ ಹಿಂದೆ ಯಜಮಾನರು ಕೂರಲು ಗಾದಿ ಬೇಕಾಯಿತು. ಬೋರ್ಡು ಬರೆಸಿದರು. ಹಳದಿ ನೆಲದ ಮೇಲೆ ಕೆಂಪು ಅಕ್ಷರದಲ್ಲಿ ತೀರಿಕೊಂಡ ಮಾವನ ಹೆಸರು, ಮುಂದೆ 'ಅಂಡ್ ಸನ್ಸ್'. ಬೋರ್ಡು ಬರೆದ ಪೇಂಟರ್ ಕೂಡ ಕೆಳಗಿನ ಮೂಲೆಯಲ್ಲಿ ತನ್ನ ಹೆಸರು ಬರೆದುಕೊಂಡಿದ್ದ. ನನ್ನ ಹೆಸರು ಅಷ್ಟು ಚಿಕ್ಕದಾಗಿಯೂ ಎಲ್ಲೂ ಇರಲಿಲ್ಲ. ಉದ್ಘಾಟನೆಗೆ ಕಾರ್ಡು ಹೊಡೆಸಿದರು, ಯಾರ್ಡಿನವರಿಗೆಲ್ಲ ಕೇಸರಿಬಾತು, ಉಪ್ಪಿಟ್ಟು ಮಾಡಿಸಿದರು. ಇಷ್ಟೆಲ್ಲ ಆಗಿ ಉಳಿದ ದುಡ್ಡಿನಲ್ಲಿ ದಾವಣಗೆರೆಯಿಂದ ಒಂದು ಸಣ್ಣ ಮಷೀನು ಬಂತು. ಮೋಟಾರು ಚಿಕ್ಕದು, ಜಾಲರಿ ಕಬ್ಬಿಣದ್ದು.

ಜನ ಈಗಲೂ ನನಗೆ ಹೇಳುವುದೊಂದಿದೆ. ನಿಮ್ಮ ಭಾವ ಒಂದು ಪೈಸೆ ತಿನ್ನಲಿಲ್ಲವಲ್ಲ, ಎಲ್ಲ ಅಂಗಡಿಗೇ ಹಾಕಿದರಲ್ಲ ಎಂದು. ನಿಜ, ತಿನ್ನಲಿಲ್ಲ. ತಿಂದಿದ್ದರೆ ಕಳ್ಳ ಎಂದು ಬೈದು ಸುಮ್ಮನಾಗುತ್ತಿದ್ದೆ. ಅವರು ನನ್ನ ಅವ್ವನ ಎಮ್ಮೆಯನ್ನು ಗಾಜು, ಬಣ್ಣ, ಕೇಸರಿಬಾತು ಮಾಡಿ ಊರಿಗೆ ಹಂಚಿದರು, ನನ್ನಿಂದ ಕೃತಜ್ಞತೆಯನ್ನೂ ನಿರೀಕ್ಷಿಸಿದರು. ಅದನ್ನು ಬೈಯಲು ಒಂದು ಸರಿಯಾದ ಬೈಗುಳವೂ ಇಲ್ಲ.

ಉದ್ಘಾಟನೆಗೆ ಅವ್ವ ಸೊರಬದಿಂದ ಬಂದಳು. ಭಾವ ಗಾದಿಯ ಮೇಲಿದ್ದರು, ಯಾರ್ಡಿನವರು ಕುರ್ಚಿಗಳಲ್ಲಿದ್ದರು. ಅವ್ವ ಹೊರಗೆ ನಿಂತು ಬೋರ್ಡು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಒಳಗೆ ಬಂದು ಮಷೀನನ್ನು ಮುಟ್ಟಿ ನೋಡಿದಳು. ಆಮೇಲೆ ತಲೆ ಎತ್ತಿ ಆರ್‌ಸಿಸಿ ಛಾವಣಿಯನ್ನೂ ಮುಂದಿನ ರಸ್ತೆಯನ್ನೂ ನೋಡಿ ಮೆಲ್ಲಗೆ ಕೇಳಿದಳು.

"ಇಲ್ಲಿ ಬಿಸ್ಲು ಎಲ್ಲಿ ಬೀಳ್ತದೆ ಮಗಾ?"

ಕೊಟ್ಟ ಕೇಸರಿಬಾತನ್ನು ಎಲೆಯಲ್ಲೇ ಬಿಟ್ಟು ಅವ್ವ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ನಮ್ಮ ಕೇರಿಯ ಹೆಂಗಸರು ಅಂಗಡಿಯ ತನಕ ಬಂದು, ಎದುರಿಗೆ ಬಸ್ಸಿಗೆ ಕಾಯುವ ಗಂಡಸರ ಸಾಲನ್ನು ನೋಡಿ, ಏನೋ ಬೇರೆ ಕೆಲಸವಿದ್ದವರಂತೆ ಮುಂದೆ ಹೋಗುತ್ತಿದ್ದರು. ಮರುದಿನ ಅದೇ ಹೆಂಗಸರು ಅದೇ ಬಸ್ ಸ್ಟ್ಯಾಂಡಿನಲ್ಲಿ ರವೆಯ ಡಬ್ಬಿ ಹಿಡಿದು ಶಿರಾಳಕೊಪ್ಪದ ಬಸ್ಸು ಹತ್ತುವುದನ್ನು ನಾನು ಅಂಗಡಿಯಿಂದಲೇ ನೋಡುತ್ತಿದ್ದೆ. ಒಬ್ಬಿಬ್ಬರು ನನ್ನನ್ನು ಕಂಡು ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದೇ ಬಸ್ಸು ಹತ್ತುತ್ತಿದ್ದೆ.

ಒಬ್ಬಳು ಮಾತ್ರ ಧೈರ್ಯ ಮಾಡಿ ಬಂದಳು. ನನ್ನಲ್ಲಿ ರವಿಕೆ ಹೊಲಿಸುತ್ತಿದ್ದವಳು, ಮಗಳ ಬಾಣಂತನಕ್ಕೆ ಶಾವಿಗೆ ಬೇಕಿತ್ತು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹಿಟ್ಟು ನಾದಿದಳು. ತಲೆಯ ಸೆರಗು ಜಾರುತ್ತಿತ್ತು, ಹಿಟ್ಟಿನ ಕೈಯಲ್ಲಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಹೊರಗೆ ಯಾರೋ ಏನೋ ಅಂದು ನಕ್ಕರು. ಗಾದಿಯ ಮೇಲೆ ಭಾವ ಪೇಪರು ಓದುತ್ತಿದ್ದರು. ಬಿದ್ದ ಎಳೆಗಳನ್ನು ಕೋಲಿಗೆ ಹಾಕಿ ಅಂಗಡಿಯ ಮುಂದೆ ರಸ್ತೆಯ ಅಂಚಿನಲ್ಲಿ, ಬಿಸಿಲಿದ್ದ ಒಂದೇ ಜಾಗದಲ್ಲಿ ನಿಲ್ಲಿಸಿದೆವು. ಅರ್ಧ ಗಂಟೆಯಲ್ಲಿ ಒಂದು ಬಸ್ಸು ಹಿಂದಕ್ಕೆ ಬಂದು ತಿರುಗಿಕೊಂಡಿತು. ಧೂಳು ಇಳಿದಾಗ ಶಾವಿಗೆಯ ಬಣ್ಣ ಮಣ್ಣಿನದಾಗಿತ್ತು.

ಆ ಹೆಂಗಸು ಕೋಲುಗಳಿಂದ ಶಾವಿಗೆಯನ್ನು ಬಿಡಿಸಿ, ಅಲ್ಲೇ ನಿಂತಿದ್ದ ಬೀದಿ ದನದ ಮುಂದೆ ಹಾಕಿ, ಖಾಲಿ ಡಬ್ಬಿ ಹಿಡಿದು ಹೊರಟಳು. ನಾನು ಓಡಿ ಹೋಗಿ ಕೈ ಹಿಡಿದುಕೊಂಡೆ. ನನ್ನ ಮನೆಯ ರವೆಯಲ್ಲಿ ಮಾಡಿಕೊಡುತ್ತೇನೆ ಎಂದೆ. "ಬ್ಯಾಡ ಬಿಡವ್ವ, ನಿಂದೇನು ತಪ್ಪೈತಿ," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಅಂಗಡಿಯ ಒಳಗಡೆ ಜಾಲರಿಗೆ ಅಂಟಿದ ಹಿಟ್ಟನ್ನು ಕಡ್ಡಿಯಲ್ಲಿ ಬಿಡಿಸುತ್ತ ಕೂತಿದ್ದೆ. ಯಾರ್ಡಿನ ಒಬ್ಬ ಪರಿಚಯದವರು ಬಂದು, ವ್ಯಾಪಾರ ಹೇಗಿದೆ ಎಂದು ಭಾವನನ್ನು ಕೇಳಿದರು. ಭಾವ ಪೇಪರು ಮಡಚಿಟ್ಟು ನಿಟ್ಟುಸಿರು ಬಿಟ್ಟರು.

"ನನ್ನ ಕಡೆಯಿಂದ ಎಲ್ಲಾ ಮಾಡಿದೆ ನೋಡ್ರಿ. ಏನ್ ಮಾಡೋದು, ಕೆಲವ್ರ ಕಾಲ್ಗುಣ ಹಂಗಿರ್ತೈತಿ."

ಬಿತ್ತಿದ್ದು ಹುಟ್ಟದಿದ್ದರೆ ಮಳೆಯ ತಪ್ಪು. ಇಲ್ಲಿ ಮಳೆ ನಾನು. ದುಡ್ಡು ನನ್ನದು, ಯೋಚನೆ ನನ್ನದು, ಅವೆರಡನ್ನೂ ಕಿತ್ತುಕೊಂಡವರು ಈಗ ದೋಷವನ್ನು ಮಾತ್ರ ನನಗೆ ವಾಪಸು ಕೊಟ್ಟಿದ್ದರು. ಕೈಯಲ್ಲಿದ್ದ ಕಡ್ಡಿ ಮುರಿಯಿತು. ಎದ್ದು ಅವರಿಬ್ಬರ ನಡುವೆಯೇ ಹೊರಗೆ ಬಂದೆ. ತಲೆಯ ಮೇಲೆ ಸೆರಗು ಇರಲಿಲ್ಲ, ಹಾಕಿಕೊಳ್ಳಲೂ ಇಲ್ಲ. ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಶಿರಾಳಕೊಪ್ಪದ ಬಸ್ಸು ಹತ್ತಿದೆ.

ಅಕ್ಕ ನನ್ನ ಮುಖ ನೋಡಿ ಮೊದಲು ನೀರು ಕೊಟ್ಟಳು. ಹೇಳಿದ್ದನ್ನು ಕೇಳಿದ ಮೇಲೆ ಗಂಡನ ಕಡೆ ತಿರುಗಿ, "ನಾಳೆ ಸ್ಪ್ಯಾನರ್ ತಗೊಂಡು ಹೋಗ್ರಿ," ಎಂದಳು. ಮೇಸ್ತ್ರಿ ಮರುದಿನ ಹತ್ತು ಗಂಟೆಯ ಬಸ್ಸಿಗೆ ಬಂದು, ನೆಲಕ್ಕೆ ಕೂರಿಸಿದ್ದ ಬೋಲ್ಟುಗಳನ್ನು ಬಿಚ್ಚಿ, ಬಾಡಿಗೆಯ ತಳ್ಳುಗಾಡಿಯ ಮೇಲೆ ಮಷೀನು ಏರಿಸಿದರು. ಗಾಡಿ ಮೇನ್ ರೋಡಿನ ಮಧ್ಯಕ್ಕೆ ಬರುವಾಗ ಭಾವ ಸೈಕಲ್ಲಿನಿಂದ ಇಳಿದರು. ಟೆಲಿಫೋನ್ ಬೂತಿನ ಮುಂದೆ ನಿಂತಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ಏನವ್ವ ಇದು," ಎಂದರು ಮೆಲ್ಲಗೆ, "ಮನೆ ಮರ್ಯಾದಿ ಬೀದಿಗೆ ತಂದ್ಯಲ್ಲ."

"ಬೀದಿಗೆ ತಂದಿದ್ದು ನೀವು ಭಾವ. ನಾನು ಒಳಗೆ ಒಯ್ತಿದೀನಿ."

ಅವರ ಎದುರು ನಿಂತು ನಾನು ಆಡಿದ ಮೊದಲ ಮಾತು ಅದು. ಮೇಸ್ತ್ರಿ ತಲೆ ತಗ್ಗಿಸಿ ಗಾಡಿ ಎಳೆಯುತ್ತಿದ್ದರು. ನಾನು ಹಿಂದಿನಿಂದ ತಳ್ಳಿದೆ. ಸಂದಿಯ ತಿರುವಿನಲ್ಲಿ ಚಕ್ರ ಚರಂಡಿಗೆ ಇಳಿದಾಗ ನಾಲ್ಕು ಮನೆಗಳ ಹೆಂಗಸರು ಹೊರಗೆ ಬಂದು ಕೈ ಹಾಕಿದರು.

ಮಳಿಗೆಯವನು ಅಡ್ವಾನ್ಸ್ ವಾಪಸು ಕೊಡಲಿಲ್ಲ, ಅವಧಿಗೆ ಮುಂಚೆ ಬಿಟ್ಟರೆ ಕೊಡುವುದಿಲ್ಲ ಎಂಬ ಕಾಗದಕ್ಕೆ ಭಾವ ಸಹಿ ಹಾಕಿದ್ದರು. ಕೌಂಟರ್, ಗಾದಿ ಭಾವನ ಗೋಣಿಚೀಲದ ಅಂಗಡಿಗೆ ಹೋದವು. ಅಂಗಳಕ್ಕೆ ಸಿಮೆಂಟು ಹಾಕಿಸಲು ನನ್ನಲ್ಲಿ ಕಾಸಿರಲಿಲ್ಲ, ಹೆಂಗಸರು ಸೇರಿ ಸಗಣಿ ಸಾರಿಸಿದರು. ಅವ್ವ ಒಂದು ಹೊರೆ ಕೋಲು ಕಡಿದು, ಸಿಪ್ಪೆ ಸುಲಿದು, ಸೊರಬದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು. ಗಂಡ ಒಂದು ಸಂಜೆ ಮಂಡಿಯಿಂದ ಬಂದು ಆ ಕೋಲುಗಳನ್ನೆಲ್ಲ ಗೋಡೆಗೆ ಒರಗಿಸಿ, ಬಾಗಿಲಿನ ಮುರಿದ ಅಗುಳಿಯನ್ನು ಸರಿ ಮಾಡಿದರು. ಅಷ್ಟಕ್ಕೆ ಅವರನ್ನು ಅರ್ಧ ಕ್ಷಮಿಸಿದೆ. ಉಳಿದರ್ಧ ಹಾಗೇ ಇದೆ.

ಮೊದಲ ದಿನ ಬಂದವಳು ಧೂಳಿನಲ್ಲಿ ಶಾವಿಗೆ ಕಳೆದುಕೊಂಡ ಹೆಂಗಸೇ. ಒಳಗೆ ಬಂದು ಅಗುಳಿ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಚಾಚಿ ಕೂತು ಉಸಿರು ಬಿಟ್ಟಳು. ಮಳೆ ಹಿಡಿಯುವ ತನಕ ಉಳಿದಿದ್ದ ಒಂದೂವರೆ ತಿಂಗಳಲ್ಲಿ ಆ ಅಂಗಳ ಖಾಲಿ ಇದ್ದ ದಿನ ನೆನಪಿಲ್ಲ. ಕಬ್ಬಿಣದ ಜಾಲರಿಯ ಎಳೆ ಕಪ್ಪೆಂದು ಬೈಯುತ್ತಲೇ ಬಂದರು. ಮುಂದಿನ ವರ್ಷ ಹಿತ್ತಾಳೆಯದನ್ನು ಹಾಕಿಸಿದೆ, ಅದರ ಮರುವರ್ಷ ಅಂಗಳಕ್ಕೆ ಸಿಮೆಂಟು. ಕ್ಯಾಲೆಂಡರಿನ ಬೆನ್ನಿಗೆ ಬರೆದಿದ್ದೆಲ್ಲ ಆಯಿತು, ಒಂದು ಬೇಸಿಗೆಯಲ್ಲಿ ಆಗಬೇಕಾದದ್ದು ಮೂರು ಬೇಸಿಗೆಯಲ್ಲಿ ಆಯಿತು. ಅವ್ವನ ಕೊಟ್ಟಿಗೆಗೆ ಎಮ್ಮೆ ಮಾತ್ರ ಮತ್ತೆ ಬರಲಿಲ್ಲ. ನಾನು ಕೊಡಿಸುವ ಹೊತ್ತಿಗೆ ಅವಳ ಮೊಣಕಾಲು ಹೋಗಿತ್ತು, ಹುಲ್ಲು ತರಲು ಆಗದೆ ಬೇಡವೆಂದಳು.

ಇಷ್ಟಾದರೆ ಸಿಟ್ಟು ಇಳಿಯುತ್ತಿತ್ತೋ ಏನೋ. ಆದರೆ ಮಷೀನು ಚೆನ್ನಾಗಿ ನಡೆಯತೊಡಗಿದ ಮೇಲೆ ಭಾವ ಯಾರ್ಡಿನಲ್ಲಿ, ಮದುವೆಮನೆಗಳಲ್ಲಿ, ಬೀಗರ ಮುಂದೆ ಹೇಳಲು ಶುರು ಮಾಡಿದರು. ಮೊದಲ ಖರ್ಚು ತಮ್ಮ ಕೈಯಿಂದಲೇ ಆಗಿದ್ದು, ಈಗ ನೋಡಿ ಹೇಗೆ ಬೆಳೆದಿದೆ ಎಂದು. ಜನ ತಲೆದೂಗಿದರು. ಅತ್ತೆ ಹೌದೆಂದರು. ಅವರ ಕೈಗುಣದ ಹೆಸರು ಮೊದಲಿಗಿಂತ ಹೆಚ್ಚಾಯಿತು. ನಾನು ಜಾಗ ಬದಲಿಸಿದ್ದು, ಗಾಡಿ ತಳ್ಳಿದ್ದು ಯಾರ ಬಾಯಲ್ಲೂ ಇರಲಿಲ್ಲ. ಅದನ್ನು ಕೇಳಿದಾಗಲೆಲ್ಲ ನಾನು ಹಲ್ಲು ಕಚ್ಚಿ ಬಡಿಸುತ್ತಿದ್ದೆ.

ಮೂರನೇ ಬೇಸಿಗೆ ಮುಗಿದ ಮೇಲೆ ಎದುರು ಮನೆಯ ಮಗಳು ಟೈಪಿಂಗ್ ಕಲಿಸುವ ಅಂಗಡಿ ಇಡಬೇಕೆಂದು ಹೊರಟಳು. ಎರಡು ಟೈಪ್‌ರೈಟರಿಗೆ ಆಗುವಷ್ಟು ದುಡ್ಡು ಕೂಡಿಸಿದ್ದಳು. ಅವಳ ತಾಯಿ ಮಗಳನ್ನು ಕರೆದುಕೊಂಡು ಸೋಮವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ತಟ್ಟೆ, ಎಲೆಅಡಿಕೆ, ನೋಟು. ಭಾವ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತರು. ಆ ಹುಡುಗಿ ಕಾಲಿಗೆ ಬಿದ್ದು ಎದ್ದು ನಿಂತಳು. ಅವಳ ಮುಖದಲ್ಲಿ ನನಗೆ ನನ್ನದೇ ಮುಖ ಕಂಡಿತು, ದಡ್ಡ ಮುಖ.

ಭಾವ ಕಣ್ಣು ತೆರೆಯುವ ಮೊದಲೇ ನಾನು ಅಡುಗೆಮನೆಯಿಂದ ಹೊರಗೆ ಬಂದು ತಟ್ಟೆಯನ್ನು ಎತ್ತಿದೆ. ಅದರಿಂದ ಹತ್ತು ರೂಪಾಯಿಯ ಒಂದು ನೋಟು ತೆಗೆದು ಭಾವನ ಮುಂದೆ ಇಟ್ಟೆ. ಉಳಿದದ್ದನ್ನು ತಟ್ಟೆಯ ಸಮೇತ ಹುಡುಗಿಯ ಕೈಗೆ ಕೊಟ್ಟೆ.

"ಭಾವ, ಇಷ್ಟು ನಿಮ್ಮ ಕೈಯಿಂದ ಖರ್ಚಾಗ್ಲಿ. ಉಪ್ಪು, ಅರಿಶಿನ ತಂದುಕೊಡಿ. ನಮ್ಮ ಸೊರಬದ ಕಡೆ ಹಿಂಗೇ ಮಾಡೋದು."

ಅತ್ತೆ ದೇವರ ಕಡೆ ನೋಡಿದರು. ಭಾವ ಮುಖ ಗಂಟಿಕ್ಕಿ ಆ ನೋಟನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಉಪ್ಪು, ಅರಿಶಿನ ತಂದರು. ಹುಡುಗಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದಳು.

ಆ ವಾರ ಸೊರಬಕ್ಕೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ, ಭಾವನ ಮುಖ ಹೇಗಾಯಿತೆಂದು ಮಾಡಿ ತೋರಿಸಿದೆ. ಅವ್ವ ಖಾಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಹಾಲಿಲ್ಲದ ಕರಿ ಚಹಾ ಕುಡಿಯುತ್ತಿದ್ದಳು. ಜೀವಮಾನವಿಡೀ ಊರಿಗೆ ಬೆಣ್ಣೆ ಮಾರಿದವಳು. ನಾನು ಹೇಳುವುದು ಮುಗಿಯುವ ತನಕ ಕೇಳಿ, ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಆ ಹತ್ತು ರೂಪಾಯಾದ್ರೂ ಯಾಕೆ ಕೊಟ್ಟೆ?" ಎಂದಳು.